ಬಲೆಯ ಎಳೆ ಮತ್ತು ನೀರುಕಾಗೆಯ ಕಾಲು

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದ್ದರಿಂದ ನಿಂತ ನೀರೇ ರೇಣುಕಾಸಾಗರ. ಕಳೆದ ಚಳಿಗಾಲದಲ್ಲಿ ನಾವು ವಿದ್ಯಾರ್ಥಿಗಳೊಡನೆ ಅದರ ದಂಡೆಗೆ ಹೋಗಿದ್ದಾಗ, ಮೀನುಗಾರರೊಬ್ಬರು ಎಳೆದ ಬಲೆಯಲ್ಲಿ ಮೀನಿನ ಜೊತೆಗೆ ಒಂದು ನೀರುಕಾಗೆಯೂ ಬಂದಿತು. ತಲೆ ನೀರಿನ ಮೇಲೆ ಉಳಿದಿದ್ದುದರಿಂದ ಅದಕ್ಕೆ ಜೀವವಿತ್ತು. ಕಾಲಿಗೆ ಬಿಗಿದಿದ್ದ ಎಳೆಯನ್ನು ಕತ್ತರಿಸಿ, “ಬಿಡ್ರಿ ಸರ, ಹಾರಿ ಹೋಗ್ತೈತಿ” ಎಂದರು. ಹಾರಿಯೂ ಹೋಯಿತು. ನಾವು ಸಂತೋಷದಿಂದ ಮರಳಿದೆವು.

ನಾಲ್ಕು ದಿನಗಳ ತರುವಾಯ ಅದೇ ದಂಡೆಯಲ್ಲಿ ಒಂದು ನೀರುಕಾಗೆ ಸತ್ತು ಬಿದ್ದಿತ್ತು. ಅದರ ಒಂದು ಕಾಲು ಕಪ್ಪಾಗಿತ್ತು. ಕಪ್ಪಿನ ಮೇಲ್ಗಡೆ ಎಳೆಯ ಗುರುತು ಉಂಗುರದಂತೆ ಕಾಣುತ್ತಿತ್ತು. ಬಿಡುಗಡೆಯಾದ ಹಕ್ಕಿ ಸಾಯುವುದೇಕೆ?

ಮೊದಲು ಅದು ಬಲೆಗೆ ಸಿಕ್ಕಿದ ಬಗೆಯನ್ನು ನೋಡೋಣ. ನೈಲಾನಿನ ವಕ್ರೀಭವನಾಂಕ ಸುಮಾರು 1.53, ನೀರಿನದು 1.33. ಎರಡು ಮಾಧ್ಯಮಗಳ ನಡುವಣ ಅಂತರ ಕಡಿಮೆಯಾದಷ್ಟೂ ಅವುಗಳ ಗಡಿಯಿಂದ ಪ್ರತಿಫಲಿಸುವ ಬೆಳಕು ಕಡಿಮೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿಗಿಂತ ತುಸು ಹೆಚ್ಚನ್ನು ಗಾಳಿಯಲ್ಲಿ ಹಿಂದಕ್ಕೆ ಕಳುಹಿಸುವ ನೈಲಾನಿನ ಮೈ, ನೀರಿನಲ್ಲಿ ಅರ್ಧ ಪಾಲನ್ನು ಮಾತ್ರ ಕಳುಹಿಸುತ್ತದೆ. ಮೀನಿನ ಬೆನ್ನಟ್ಟಿ ಮುಳುಗಿದ ಹಕ್ಕಿಗೆ ಬಲೆ ಇದ್ದೂ ಇಲ್ಲದಂತೆ. ಹಿಂದಿನ ಹತ್ತಿಯ ಬಲೆ ಕಣ್ಣಿಗೆ ಕಾಣುತ್ತಿತ್ತು. ಹರಿದು ನೀರಿನಲ್ಲಿ ಉಳಿದರೆ ಕೊಳೆತೂ ಹೋಗುತ್ತಿತ್ತು. ನೈಲಾನಿಗೆ ಆ ಸೌಜನ್ಯವಿಲ್ಲ.

ಇನ್ನು ಕಾಲಿನ ವಿಚಾರ. ಚಿಕ್ಕ ನೀರುಕಾಗೆಯ ತೂಕ ಸುಮಾರು ಅರ್ಧ ಕಿಲೋಗ್ರಾಮ್. ಎಳೆಯ ಅಗಲ 0.2 ಮಿಲಿಮೀಟರ್ ಎಂದೂ, ಅದು ಕಾಲಿಗೆ ಎರಡು ಸೆಂಟಿಮೀಟರ್ ಉದ್ದಕ್ಕೆ ತಗುಲಿದೆಯೆಂದೂ ಭಾವಿಸಿರಿ. ತಗುಲಿದ ಜಾಗದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನ ನೂರರಲ್ಲಿ ನಾಲ್ಕು ಪಾಲು. ಹಕ್ಕಿ ತನ್ನ ತೂಕದಷ್ಟೇ ಬಲದಿಂದ ಜಗ್ಗಿದರೂ ಒತ್ತಡ ಚದರ ಸೆಂಟಿಮೀಟರಿಗೆ 12 ಕಿಲೋಗ್ರಾಮನ್ನು ದಾಟುತ್ತದೆ. ರಕ್ತದ ಒತ್ತಡವನ್ನು ಧಾರಾಳವಾಗಿ 200 ಮಿಲಿಮೀಟರ್ ಪಾದರಸವೆಂದು ಹಿಡಿದರೂ ಅದು ಚದರ ಸೆಂಟಿಮೀಟರಿಗೆ ಕಾಲು ಕಿಲೋಗ್ರಾಮಿಗಿಂತ ತುಸುವೇ ಹೆಚ್ಚು. ನಮ್ಮ ಲೆಕ್ಕ ಒರಟಾದುದು. ಆದರೂ ನಲವತ್ತು ಪಟ್ಟಿಗೂ ಮಿಗಿಲಾದ ಈ ಅಂತರದ ಎದುರು ರಕ್ತ ಹರಿಯುವುದೆಂತು? ರಕ್ತ ಕಾಣದ ಮಾಂಸ ಕೂಡಲೆ ಕಪ್ಪಾಗುವುದಿಲ್ಲ. ಎಳೆ ತೆಗೆದ ದಿನ ಕಾಲು ಸರಿಯಾಗಿಯೇ ತೋರಬಹುದು; ಒಳಗಿನ ಹಾನಿ ಹೊರಗೆ ಕಾಣಲು ಕೆಲವು ದಿನಗಳು ಬೇಕು. ಆದುದರಿಂದಲೇ ಕಡಲ ಹಕ್ಕಿಗಳಿಗೆ ಚಿಕಿತ್ಸೆ ಮಾಡುವವರು, ಎಳೆ ಬಿಡಿಸಿದ ಮೇಲೂ ಹಕ್ಕಿಯನ್ನು ಹಲವು ದಿನ ತಮ್ಮ ಬಳಿಯೇ ಇಟ್ಟುಕೊಂಡು ನೋಡುತ್ತಾರೆ. ನಾವು ಮಾಡದೆ ಬಿಟ್ಟದ್ದು ಇದನ್ನೇ.

ಗರಿಯ ವಿಚಾರವೂ ಉಂಟು. ಗರಿಯ ಸಣ್ಣ ಎಸಳುಗಳು ಒಂದರೊಡನೊಂದು ಕೊಂಡಿಯಂತೆ ಹೆಣೆದುಕೊಂಡು ಮೈಗೆ ಒತ್ತಿದಂತೆ ಗಾಳಿಯನ್ನು ಹಿಡಿದಿಡುತ್ತವೆ. ಬಲೆಯಲ್ಲಿ ಒದ್ದಾಡಿದಾಗ ಹೆಣಿಗೆ ಕೆದರಿ ನೀರು ಒಳನುಗ್ಗುತ್ತದೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಸುಲಭವಾಗಿ ಉಷ್ಣವನ್ನು ಸಾಗಿಸುವುದರಿಂದ, ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದ ಹಕ್ಕಿಯ ಮೈ ಬೇಗನೆ ತಣ್ಣಗಾಗುತ್ತದೆ.

ನೀರುಕಾಗೆಯ ಬಳಗದ ಅನೇಕ ಹಕ್ಕಿಗಳು ಕಡಲವಾಸಿಗಳು. ಅಲ್ಲಿಯ ಆಪತ್ತು ಇನ್ನೂ ದೊಡ್ಡದು. ದಕ್ಷಿಣದ ಸಾಗರಗಳಲ್ಲಿ ಹತ್ತಾರು ಕಿಲೋಮೀಟರ್ ಉದ್ದದ ಹುರಿಗೆ ಸಾವಿರಾರು ಗಾಳಗಳನ್ನು ಕಟ್ಟಿ ಇಳಿಬಿಡುತ್ತಾರೆ. ಗಾಳ ಮುಳುಗುವ ಮುನ್ನವೇ ಎರೆಗೆ ಎರಗಿದ ಆಲ್ಬಟ್ರಾಸ್ ಹಕ್ಕಿ ಅದರೊಡನೆ ಮುಳುಗುತ್ತದೆ. ಗಾಳದ ಬಳಿ ಭಾರ ಕಟ್ಟಿ ಬೇಗ ಮುಳುಗಿಸುವುದೂ, ಹಡಗಿನ ಹಿಂದೆ ಬಣ್ಣದ ಪಟ್ಟಿಗಳ ಹಗ್ಗವನ್ನು ಹಾರಿಸಿ ಹಕ್ಕಿಗಳನ್ನು ದೂರವಿಡುವುದೂ ಅಲ್ಲಿಯ ಉಪಾಯಗಳು. ಆ ಹಗ್ಗಕ್ಕೆ ‘ತೋರಿ’ ಎಂಬ ಹೆಸರು ಜಪಾನೀ ಭಾಷೆಯಿಂದ ಬಂದುದು. ತೋರಿ ಎಂದರೆ ಹಕ್ಕಿ. ಈ ಹಕ್ಕಿಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದವೂ 2004ರಲ್ಲಿ ಜಾರಿಗೆ ಬಂದಿತು.

ನಮ್ಮ ದಂಡೆಯಲ್ಲಿ ಅಂಥ ಹಕ್ಕಿ ಸಿಕ್ಕರೆ ಮಾಡಬೇಕಾದುದೇನು? ಬಟ್ಟೆಯೊಂದನ್ನು ತಲೆಯ ಮೇಲೆ ಹೊದಿಸಿದರೆ ಹಕ್ಕಿ ಶಾಂತವಾಗುತ್ತದೆ. ಕೊಕ್ಕು ಕಣ್ಣಿಗೆ ಎರಗುವ ಭಯವೂ ತಪ್ಪುತ್ತದೆ. ಎದೆಯನ್ನು ಬಿಗಿಯಾಗಿ ಹಿಡಿಯಬಾರದು. ಹಕ್ಕಿಗೆ ನಮಗಿರುವಂತಹ ವಪೆಯಿಲ್ಲ, ಎದೆಮೂಳೆ ಅಲುಗಿದರೆ ಮಾತ್ರ ಉಸಿರು. ಬೆಳೆದ ನೀರುಕಾಗೆಯ ಮೂಗಿನ ಹೊರರಂಧ್ರಗಳು ಮುಚ್ಚಿರುವುದರಿಂದ ಅದು ಬಾಯಿಂದಲೇ ಉಸಿರಾಡುತ್ತದೆ. ಕೊಕ್ಕನ್ನು ದಾರದಿಂದ ಕಟ್ಟಿದರೆ ಉಸಿರು ಕಟ್ಟಿದಂತೆಯೇ. ಬಾಯಿಗೆ ನೀರು ಹೊಯ್ಯುವುದೂ ಅಪಾಯ: ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇದೆ. ಗಾಳ ನಾಟಿದ್ದರೆ ಜಗ್ಗಬಾರದು, ಅದರ ಮುಳ್ಳು ಮಾಂಸವನ್ನು ಸೀಳುತ್ತದೆ. ನುಂಗಿದ್ದರಂತೂ ಹೊರಗುಳಿದ ದಾರವನ್ನು ಎಳೆಯದೆ ಪಶುವೈದ್ಯರಿಗೆ ಬಿಡಬೇಕು.

ಗಾಳಿ ಆಡುವಂತೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಂದು ಸಾಕು. ಕತ್ತಲೆ, ಮೌನ, ಬೆಚ್ಚಗಿನ ಜಾಗ ಮೊದಲ ಔಷಧ. ಮನೆಯಲ್ಲಿ ಸಾಕುವ ಆಸೆ ಬೇಡ. ವನ್ಯಜೀವಿಗಳಿಗೆ 1972ರ ಕಾಯಿದೆಯ ರಕ್ಷಣೆಯಿದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ಎಳೆ ಬಿಗಿದಿದ್ದ ಭಾಗ ಊದಿದೆಯೆ, ತಣ್ಣಗಿದೆಯೆ, ಬಣ್ಣ ಬದಲಾಗಿದೆಯೆ ಎಂದು ವೈದ್ಯರು ದಿನವೂ ನೋಡುತ್ತಾರೆ. ವಾರ ಕಳೆದು, ಕಾಲು ಊರಿ ನಿಂತು, ತಾನಾಗಿಯೇ ಮೀನು ತಿಂದು, ಗರಿಗಳನ್ನು ಕೊಕ್ಕಿನಿಂದ ತಿದ್ದಿಕೊಳ್ಳತೊಡಗಿದ ಹಕ್ಕಿಯನ್ನು ಬೆಳಗಿನ ಹೊತ್ತು, ಬಲೆಗಳಿಲ್ಲದ ಕಡೆ, ನೀರಿನ ಅಂಚಿಗೆ ತಂದು ಬಿಡುವುದು ವಾಡಿಕೆ.