ಕೈ ಕಲಿಸುವ ಇತಿಹಾಸ

ಇತಿಹಾಸವೆಂದರೆ ಅರಸರ ಹೆಸರುಗಳ ಮತ್ತು ಯುದ್ಧದ ಇಸವಿಗಳ ಪಟ್ಟಿ ಎಂದು ಭಾವಿಸುವವರು ಬಹಳ ಮಂದಿ. ಅಂಥ ಪಟ್ಟಿಯನ್ನು ಬಾಯಿಪಾಠ ಮಾಡಿದ ಬಾಲಕನು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಆದರೆ ಪರೀಕ್ಷೆ ಮುಗಿದ ಮರುದಿನವೇ ಆ ಪಟ್ಟಿ ಅವನ ಮನಸ್ಸಿನಿಂದ ಜಾರಿಹೋಗುತ್ತದೆ. ಕಿವಿಯಿಂದ ಬಂದುದು ಬೇಗ ಮರೆಯುತ್ತದೆ, ಕೈಯಿಂದ ಮಾಡಿದುದು ಬಹುಕಾಲ ಉಳಿಯುತ್ತದೆ. ಈಜನ್ನು ಪುಸ್ತಕದಿಂದ ಕಲಿತವರಿಲ್ಲ. ಹಾಗೆಯೇ ಹಿಂದಿನ ಕಾಲದ ಜನರ ಬಾಳನ್ನು ತಿಳಿಯಲು ಅವರ ಕೈ ಹಿಡಿದ ಉಪಕರಣಗಳನ್ನು ಒಮ್ಮೆಯಾದರೂ ಹಿಡಿದು ನೋಡಬೇಕು. ಬ್ರಿಟಿಷರ ಆಳ್ವಿಕೆಯ ಕಾಲವನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಿಳಿಸುವಾಗ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಏಕೆಂದರೆ ಆ ಆಳ್ವಿಕೆ ನಡೆದುದು ಕೋಟೆಗಳಲ್ಲಿ ಮತ್ತು ರಣರಂಗಗಳಲ್ಲಿ ಮಾತ್ರವಲ್ಲ; ಹೊಲದ ಬದುವಿನಲ್ಲಿ, ಉಡುವ ಬಟ್ಟೆಯಲ್ಲಿ, ಮನೆಯ ಮೇಲಣ ಹೆಂಚಿನಲ್ಲಿಯೂ ಅದು ನಡೆಯಿತು.

ಇಂಥ ಪಾಠಕ್ಕೆ ಬೆಳಗಾವಿ ನಗರ ಮತ್ತು ಅದರ ನೆರೆಯ ಖಾನಾಪುರ ತಾಲ್ಲೂಕುಗಳಷ್ಟು ಅನುಕೂಲವಾದ ಸ್ಥಳಗಳು ವಿರಳ. ಬೆಳಗಾವಿಯ ಕೋಟೆಯನ್ನು 1818ರಲ್ಲಿ ಮನ್ರೋನ ನೇತೃತ್ವದ ಸೈನ್ಯವು ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. ಆಮೇಲೆ ಊರಿನ ಮಗ್ಗುಲಲ್ಲಿ ದಂಡಿನ ನೆಲೆಯೊಂದು ಬೆಳೆಯಿತು. ಆ ಭಾಗವನ್ನು ಜನರು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಖಾನಾಪುರವಾದರೋ ಸಹ್ಯಾದ್ರಿಯ ಸೆರಗಿನಲ್ಲಿರುವ ಮಳೆನಾಡು. ಮಲಪ್ರಭಾ ನದಿಯು ಈ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸಂಗೊಳ್ಳಿ ರಾಯಣ್ಣನು ಪ್ರಾಣವನ್ನರ್ಪಿಸಿದ ನಂದಗಡವೂ ಈ ತಾಲ್ಲೂಕಿನಲ್ಲಿಯೇ ಇದೆ. ಹೀಗೆ ಗತಕಾಲದ ಗುರುತುಗಳು ಮಕ್ಕಳ ಮನೆಯ ಬಾಗಿಲಲ್ಲಿಯೇ ಬಿದ್ದಿವೆ. ಅವುಗಳನ್ನು ಓದುವುದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಒಂದು ಹಗ್ಗ, ಒಂದು ತಕಲಿ, ಒಂದು ಮುದ್ದೆ ಜೇಡಿಮಣ್ಣು, ಇಷ್ಟಿದ್ದರೆ ಪಾಠವನ್ನು ಆರಂಭಿಸಬಹುದು.

ಮೊದಲು ಹಗ್ಗದ ಪಾಠ. ಮಕ್ಕಳು ಮೂವತ್ತಮೂರು ಅಡಿ ಉದ್ದದ ಹಗ್ಗವೊಂದನ್ನು ಅಳೆದು, ಅದನ್ನು ಹದಿನಾರು ಸಮಭಾಗ ಮಾಡಿ, ಭಾಗಕ್ಕೊಂದು ಗಂಟು ಹಾಕುತ್ತಾರೆ. ಇದು ಮೋಜಣಿಯವರ ಸರಪಳಿಯ ಪ್ರತಿರೂಪ. ಆ ಸರಪಳಿಯಲ್ಲಿಯೂ ಹದಿನಾರು ಭಾಗಗಳಿದ್ದು, ರೂಪಾಯಿಯಂತೆಯೇ ಒಂದೊಂದು ಭಾಗಕ್ಕೆ ಆಣೆ ಎಂಬ ಹೆಸರಿತ್ತು. ಈ ಹಗ್ಗದಿಂದ ಶಾಲೆಯ ಅಂಗಳದಲ್ಲಿ ಉದ್ದ ಮತ್ತು ಅಗಲಗಳೆರಡೂ ಒಂದೊಂದು ಹಗ್ಗದಷ್ಟಿರುವ ಚೌಕವನ್ನು ಗುರುತಿಸಿದರೆ ಅದು ಒಂದು ಗುಂಟೆ, ಎಂದರೆ 1089 ಚದರ ಅಡಿ. ಅಂಥ ನಲವತ್ತು ಗುಂಟೆಗಳು ಸೇರಿದರೆ ಒಂದು ಎಕರೆ. ಮನೆಯಲ್ಲಿ ತಂದೆ ಅಜ್ಜಂದಿರ ಬಾಯಲ್ಲಿ ನಿತ್ಯವೂ ಕೇಳುವ ಗುಂಟೆಯೆಂಬ ಮಾತಿಗೆ ಮಗುವಿನ ಕಣ್ಣ ಮುಂದೆ ಆಕಾರ ಬರುತ್ತದೆ.

ಇಲ್ಲಿಗೆ ಗಣಿತದ ಪಾಠ ಮುಗಿಯಿತು. ಇತಿಹಾಸದ ಪಾಠ ಇನ್ನು ಮೇಲೆ. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರಿಂದ ಹೊಸ ಬಗೆಯ ಭೂಮಾಪನವನ್ನು ಆರಂಭಿಸಿದರು. ಮುಂದೆ ಅದು ಈ ಭಾಗಕ್ಕೂ ಬಂದಿತು. ಹೊಲಗಳನ್ನು ಅಳೆದು, ನಂಬರು ಕೊಟ್ಟು, ಮಣ್ಣಿನ ಗುಣವನ್ನು ನೋಡಿ, ಮೂವತ್ತು ವರ್ಷಗಳಿಗೆ ಕಂದಾಯವನ್ನು ಗೊತ್ತುಪಡಿಸುವುದು ಅದರ ಕ್ರಮ. ಹಿಂದಿನ ಗೊಂದಲಗಳಿಗಿಂತ ಇದರಲ್ಲಿ ವ್ಯವಸ್ಥೆಯಿತ್ತೆಂಬುದು ನಿಜ. ಆದರೆ ಕಂದಾಯವನ್ನು ಹಣದ ರೂಪದಲ್ಲಿಯೇ ತೆರಬೇಕಾಗಿತ್ತು. ಆಯಾ ವರ್ಷದ ಮಳೆಯನ್ನು ನೋಡಿ ಆ ಅಂಕಿ ತಾನಾಗಿ ಇಳಿಯುತ್ತಿರಲಿಲ್ಲ. ಇದರ ಅರ್ಥ ಮಕ್ಕಳಿಗೆ ಆಗಬೇಕಾದರೆ ಹುಣಸೆಬೀಜಗಳು ಸಾಕು. ಪ್ರತಿಯೊಂದು ಗುಂಪಿಗೂ ಮೊದಲ ವರ್ಷದ ಬೆಳೆಯೆಂದು ಇಪ್ಪತ್ತು ಬೀಜಗಳನ್ನು ಕೊಟ್ಟು, ಆರನ್ನು ಕಂದಾಯವಾಗಿ ತೆಗೆದುಕೊಳ್ಳಬೇಕು. ಎರಡನೆಯ ವರ್ಷ ಮಳೆ ಬಾರದೆಂದು ಹೇಳಿ ಎಂಟೇ ಬೀಜಗಳನ್ನು ಕೊಟ್ಟು, ಮತ್ತೆ ಆರನ್ನೇ ಕೇಳಬೇಕು. ಉಳಿದ ಎರಡು ಬೀಜಗಳಲ್ಲಿ ಬಿತ್ತನೆಗೆಷ್ಟು, ಊಟಕ್ಕೆಷ್ಟು, ಎತ್ತಿನ ಮೇವಿಗೆ ಎಲ್ಲಿಂದ? ಮಕ್ಕಳು ಲೆಕ್ಕ ಹಾಕುತ್ತ ಹಾಕುತ್ತ ಮೌನವಾಗುತ್ತಾರೆ. ಸಾಲ ತರಬೇಕೆಂದು ಒಬ್ಬ ಹೇಳುತ್ತಾನೆ. ಹೊಲ ಮಾರಬೇಕೆಂದು ಇನ್ನೊಬ್ಬಳು ಹೇಳುತ್ತಾಳೆ. 1876ರಿಂದ 1878ರವರೆಗೆ ಈ ಭಾಗವನ್ನು ಕಾಡಿದ ಭೀಕರ ಕ್ಷಾಮದ ವಿಚಾರವನ್ನು ಆಗ ಹೇಳಿದರೆ, ಆ ಮಾತು ಅವರ ಮನಸ್ಸಿಗೆ ನೇರವಾಗಿ ಮುಟ್ಟುತ್ತದೆ.

ಈ ಹಗ್ಗ ಮತ್ತು ಲೆಕ್ಕದ ಪುಸ್ತಕಗಳ ಜೊತೆಯಲ್ಲಿಯೇ ನಂದಗಡದ ಕಥೆಯನ್ನು ಹೇಳಬೇಕು. ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಮನ್ನಿಸದೆ ಹೋದಾಗ, 1824ರ ಅಕ್ಟೋಬರ್ 23ರಂದು ನಡೆದ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಸೋತಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆಕೆಯ ಪಡೆಯ ಶೇತಸನದಿಯಾಗಿದ್ದ ರಾಯಣ್ಣನ ಭೂಮಿಯ ಮೇಲೂ ಹೊಸ ಸರ್ಕಾರದ ಕೈ ಬಿದ್ದಿತು. ಅವನು 1830ರಲ್ಲಿ ದಂಗೆಯೆದ್ದು ಬೀಡಿ, ಸಂಪಗಾವಿಗಳ ಸರ್ಕಾರಿ ಕಚೇರಿಗಳ ಮೇಲೆ ದಾಳಿ ಮಾಡಿದನು. ಕಚೇರಿಗಳೂ ಅಲ್ಲಿನ ದಫ್ತರಗಳೂ ಬೆಂಕಿಗೆ ಆಹುತಿಯಾದವು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ರಾಯಣ್ಣನ ಕತ್ತಿಯ ಕಥೆಯನ್ನು ಪ್ರತಿಯೊಂದು ಮಗುವೂ ಬಲ್ಲದು. ಆದರೆ ಅವನ ಜನ ಕಾಗದಗಳನ್ನು ಏಕೆ ಸುಟ್ಟರು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಸ್ವತಃ ಲೆಕ್ಕದ ಪುಸ್ತಕ ಬರೆದು, ಅದರಲ್ಲಿನ ಒಂದು ಅಂಕಿಯಿಂದಾಗಿ ತನ್ನ ಪಾಲಿನ ಬೀಜಗಳನ್ನು ಕಳೆದುಕೊಂಡ ಮಗು ಮಾತ್ರ ಥಟ್ಟನೆ ಹೇಳಬಲ್ಲದು: ಹೊಲ ಹೋದುದು ಕಾಗದದ ಮೂಲಕ, ಆದ್ದರಿಂದ ಸಿಟ್ಟು ಕಾಗದದ ಮೇಲೆ.

ಎರಡನೆಯದು ನೂಲಿನ ಪಾಠ. ಅರಳೆಯನ್ನು ಬಿಡಿಸಿ, ಹಂಜಿ ಮಾಡಿ, ತಕಲಿಯನ್ನು ತಿರುವಿ ನೂಲು ತೆಗೆಯುವುದು ನೋಡುವವರಿಗೆ ಆಟದಂತೆ ಕಾಣುತ್ತದೆ. ಕೈಗೆತ್ತಿಕೊಂಡವರಿಗೆ ಅದರ ಕಷ್ಟ ತಿಳಿಯುತ್ತದೆ. ಮೊದಲ ದಿನ ಗೇಣುದ್ದ ನೂಲು ಬರುವುದರೊಳಗೆ ಹತ್ತು ಸಲ ಕಡಿಯುತ್ತದೆ. ಒಂದು ವಾರದ ಮೇಲೆ ಬೆರಳುಗಳಿಗೆ ಹದ ಸಿಗುತ್ತದೆ. ಮಕ್ಕಳು ತಾವು ತೆಗೆದ ನೂಲನ್ನು ಗಜಗಳಲ್ಲಿ ಅಳೆದು ಬರೆದಿಡಬೇಕು. ಆಮೇಲೆ ಅವರನ್ನು ಬೆಳಗಾವಿಯ ಟಿಳಕವಾಡಿಗೆ ಕರೆದೊಯ್ಯಬೇಕು.

ಅಲ್ಲಿ ಒಂದು ಬಾವಿ ಇದೆ. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಮೂವತ್ತೊಂಬತ್ತನೆಯ ಅಧಿವೇಶನ ನಡೆದಾಗ ನೀರಿಗಾಗಿ ತೋಡಿಸಿದ ಬಾವಿ ಅದು. ಪಂಪಾ ಸರೋವರವೆಂದು ಅದಕ್ಕೆ ಹೆಸರಿಟ್ಟಿದ್ದರು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವಿದು. ಅದರ ಏರ್ಪಾಡಿನ ಹೊಣೆಯನ್ನು ಹೊತ್ತವರಲ್ಲಿ ಕರ್ನಾಟಕ ಕೇಸರಿ ಎನಿಸಿದ ಗಂಗಾಧರರಾವ ದೇಶಪಾಂಡೆಯವರು ಪ್ರಮುಖರು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದರೆ ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡಬೇಕೆಂಬ ನಿಯಮಕ್ಕೆ ಆ ಅಧಿವೇಶನದಲ್ಲಿ ಒಪ್ಪಿಗೆ ದೊರೆಯಿತು. ತಾನೇ ನೂಲಲಾರದವನು ಬೇರೆಯವರು ನೂತ ಅಷ್ಟೇ ನೂಲನ್ನು ಕೊಡಬಹುದಾಗಿತ್ತು. ಪುಸ್ತಕದಲ್ಲಿ ಓದಿದರೆ ಇದು ಒಂದು ಸಾಲಿನ ಮಾತು. ಆದರೆ ವಾರವೆಲ್ಲ ಕುಳಿತು ಕೆಲವೇ ಗಜ ನೂತಿರುವ ಮಗುವಿಗೆ ಎರಡು ಸಾವಿರ ಗಜವೆಂದರೆ ಏನೆಂಬುದು ಗೊತ್ತು. ದಿನಕ್ಕೆ ಸುಮಾರು ಅರವತ್ತೇಳು ಗಜ! ದೇಶಸೇವೆಯೆಂದರೆ ಭಾಷಣವಲ್ಲ, ದಿನವೂ ಬಿಡದೆ ಮಾಡುವ ಸಣ್ಣ ದುಡಿಮೆ ಎಂಬ ಗಾಂಧೀಜಿಯವರ ಎಣಿಕೆ ಆ ಲೆಕ್ಕದಲ್ಲಿ ಅಡಗಿದೆ. ಎಲ್ಲರಿಂದಲೂ ಅದು ಸಾಧ್ಯವಾಗದೆ ಮರುವರ್ಷ ಆ ನಿಯಮವನ್ನು ಸಡಿಲಿಸಬೇಕಾಯಿತು ಎಂಬುದನ್ನೂ ಮಕ್ಕಳಿಗೆ ಮುಚ್ಚಿಡಬಾರದು. ಕಡಿದ ನೂಲಿನ ಅನುಭವವಿರುವ ಮಕ್ಕಳು ಅದಕ್ಕೆ ಆಶ್ಚರ್ಯಪಡುವುದಿಲ್ಲ.

ಇಂಗ್ಲೆಂಡಿನ ಗಿರಣಿಗಳ ಬಟ್ಟೆ ಅಗ್ಗವಾಗಿ ಬಂದು ನಮ್ಮ ನಾಡಿನ ನೂಲುವವರ ಕೈಯ ಕೆಲಸ ತಪ್ಪಿದ ವಿಚಾರವನ್ನು ಈ ಸಂದರ್ಭದಲ್ಲಿಯೇ ಹೇಳಬಹುದು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿಯಲ್ಲಿಯೇ ನೂಲಿನ ಗಿರಣಿಯೊಂದು ಎದ್ದುನಿಂತಿತು. ಬೆಳಗಾವಿಯ ಶಹಾಪುರ, ವಡಗಾವಿಗಳ ನೇಕಾರರು ಗಿರಣಿಯ ನೂಲನ್ನೇ ಹಿಡಿದು ನೇಯ್ಗೆಯನ್ನು ಉಳಿಸಿಕೊಂಡರು. ಮಗ್ಗದ ಸದ್ದಿರುವ ಓಣಿಯ ಮಗುವಿಗೆ ಇದು ತನ್ನ ಮನೆತನದ ಇತಿಹಾಸ.

ಮೂರನೆಯದು ಮಣ್ಣಿನ ಪಾಠ. ಇದಕ್ಕೆ ಖಾನಾಪುರವೇ ತಕ್ಕ ಸ್ಥಳ. ಅಲ್ಲಿನ ಜೇಡಿಮಣ್ಣು ಹೆಂಚು, ಇಟ್ಟಿಗೆ ಮತ್ತು ಗಡಿಗೆಗಳಿಗೆ ಹೆಸರಾದುದು. ಸ್ವಾತಂತ್ರ್ಯಾನಂತರ ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆಯೊಂದು ಆ ಊರಿನಲ್ಲಿ ಸ್ಥಾಪನೆಯಾಯಿತು. ನಾಡಹೆಂಚನ್ನು ಮಾಡುವ ಕ್ರಮ ಬಹಳ ಸೊಗಸಾದುದು. ಕುಂಬಾರನು ತಿಗರಿಯ ಮೇಲೆ ಒಂದು ತುದಿ ಕಿರಿದಾದ ಕೊಳವೆಯನ್ನು ಎತ್ತುತ್ತಾನೆ. ಅದು ಸ್ವಲ್ಪ ಆರಿದ ಮೇಲೆ ಉದ್ದಕ್ಕೆ ಸೀಳಿದರೆ ಎರಡು ಹೆಂಚುಗಳಾಗುತ್ತವೆ. ಒಣಗಿಸಿ ಆವಿಗೆಯಲ್ಲಿ ಸುಟ್ಟರೆ ಕೆಲಸ ಮುಗಿಯಿತು. ಮಕ್ಕಳು ತಿಗರಿಯಿಲ್ಲದೆಯೇ ಬಿದಿರಿನ ತುಂಡಿಗೆ ಮಣ್ಣಿನ ಹಾಳೆಯನ್ನು ಸುತ್ತಿ ಇದನ್ನು ಮಾಡಿ ನೋಡಬಹುದು. ಹತ್ತರಲ್ಲಿ ಆರು ಬಿರುಕು ಬಿಡುತ್ತವೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ವಿವರಿಸುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಯಂತ್ರದಿಂದ ಒತ್ತಿದ ಆ ಚಪ್ಪಟೆ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂಡುತ್ತಿದ್ದವು. ನಾಡಹೆಂಚಿನ ಮಾಡನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕಾಗಿದ್ದರೆ ಇದಕ್ಕೆ ಅಷ್ಟು ತೊಂದರೆಯಿರಲಿಲ್ಲ. ಎರಡು ಬಗೆಯ ಹೆಂಚುಗಳನ್ನೂ ಜೋಡಿಸಿ, ಮೇಲಿಂದ ನೀರು ಸುರಿದು, ಯಾವುದು ಸೋರುತ್ತದೆಂದು ಮಕ್ಕಳೇ ಪರೀಕ್ಷಿಸಲಿ. ಹೊಸ ಹೆಂಚು ಮೇಲೆಂದು ಅವರು ಹೇಳಬಹುದು. ಹಾಗಾದರೆ ಹಳೆಯ ಹೆಂಚನ್ನು ಮಾಡುತ್ತಿದ್ದವರು ಏನಾದರು ಎಂದು ಶಿಕ್ಷಕರು ಕೇಳಬೇಕು. ಆ ಕಾಲದಲ್ಲಿ ಬಂದುದೆಲ್ಲ ಕೆಟ್ಟುದಲ್ಲ. ಬಂದ ಒಳಿತಿಗೆ ಯಾರೋ ಬೆಲೆ ತೆತ್ತರೆಂಬುದೂ ಸುಳ್ಳಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವ ಶಕ್ತಿಯೇ ಇತಿಹಾಸಜ್ಞಾನದ ಆರಂಭ.

ಇಂಥ ಪಾಠಗಳಲ್ಲಿ ಅಪಾಯವೂ ಉಂಟು. ಶಾಲೆಯ ಉತ್ಸವಗಳಲ್ಲಿ ಚೆನ್ನಮ್ಮನ ಕಿರೀಟ, ರಾಯಣ್ಣನ ಮೀಸೆ, ಸಾಹೇಬನ ಟೋಪಿ ಇವು ಮೆರೆಯುತ್ತವೆ. ವೇಷವು ಮಕ್ಕಳಿಗೆ ಸಂತೋಷವನ್ನು ಕೊಡುತ್ತದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವೇಷ ಕಳಚಿದೊಡನೆ ಉಳಿಯುವುದೇನು? ವೇಷವು ಮಗುವನ್ನು ರಾಣಿಯನ್ನಾಗಿಯೋ ವೀರನನ್ನಾಗಿಯೋ ಮಾಡುತ್ತದೆ; ಕೆಲಸವು ಅದನ್ನು ನೂಲುವ ಮುದುಕಿಯ, ಕಂದಾಯ ತೆರುವ ಒಕ್ಕಲಿಗನ, ಮಣ್ಣು ತುಳಿಯುವ ಕುಂಬಾರನ ಬಳಿಯಲ್ಲಿ ಕೂರಿಸುತ್ತದೆ. ಅಂದು ಬದುಕಿದವರಲ್ಲಿ ಬಹುಪಾಲು ಇಂಥವರೇ. ಇನ್ನೊಂದು ಅಪಾಯ, ಹಿಂದಿನ ಕಷ್ಟವು ಒಂದು ವಿನೋದವೆಂಬಂತೆ ಕಾಣುವುದು. ಅರ್ಧ ಗಂಟೆ ನೂತು ಎದ್ದುಹೋಗುವವನಿಗೂ ಹೊಟ್ಟೆಪಾಡಿಗಾಗಿ ನೂಲುವವಳಿಗೂ ಇರುವ ಅಂತರವನ್ನು ಶಿಕ್ಷಕರು ಮರೆಯದೆ ತಿಳಿಸಬೇಕು.

ಕೈಕೆಲಸವನ್ನು ಶಿಕ್ಷಣದ ನಡುವೆ ಇರಿಸಬೇಕೆಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. 1937ರ ಏಪ್ರಿಲಿನಲ್ಲಿ ಗಾಂಧೀಜಿಯವರು ಖಾದಿಗೆ ಹೆಸರಾದ ಬೆಳಗಾವಿಯ ಸಮೀಪದ ಹುದಲಿಯಲ್ಲಿ ತಂಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಮೂಲಶಿಕ್ಷಣ ಯೋಜನೆ ರೂಪುಗೊಂಡಿತು. ಝಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ಸಿದ್ಧಪಡಿಸಿತು. ಮಾತೃಭಾಷೆಯಲ್ಲಿ, ಒಂದು ಕಸುಬಿನ ಸುತ್ತ, ಎಲ್ಲ ವಿಷಯಗಳನ್ನೂ ಕಲಿಸಬೇಕೆಂಬುದು ಅದರ ತಿರುಳು. ಆ ಯೋಜನೆ ಬಹುಕಾಲ ಬಾಳಲಿಲ್ಲ. ಆದರೆ ಮಾಡಿ ಕಲಿಯಬೇಕೆಂಬ ತತ್ತ್ವ ಅಳಿಯಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಮುಂದೆ ರಾಜ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು.

ಖಾನಾಪುರದ ಶಾಲೆಗಳ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಮತ್ತೆ ಕೆಲವರದು ಕೊಂಕಣಿ ಅಥವಾ ಉರ್ದು. ಹಗ್ಗದ ಗಂಟಿಗೂ ಹಂಜಿಯ ಎಳೆಗೂ ಈ ಭೇದ ತಿಳಿಯದು. ಕಂದಾಯವು ಎಲ್ಲರ ಅಜ್ಜಂದಿರನ್ನೂ ಕೇಳಿತ್ತು; ಮಳೆ ತಪ್ಪಿದಾಗ ಎಲ್ಲರೂ ಹಸಿದಿದ್ದರು. ಕೈಯಿಂದ ಕಲಿತ ಇತಿಹಾಸವು ಹಳೆಯ ವೈರವನ್ನು ಬೆಳೆಸುವುದಿಲ್ಲ. ದುಡಿಯುವವರ ವಿಷಯದಲ್ಲಿ ಗೌರವವನ್ನು, ಅನ್ಯಾಯವನ್ನು ಗುರುತಿಸುವ ಕಣ್ಣನ್ನು ಕೊಡುತ್ತದೆ. ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕಾದ ಜನಾಂಗಕ್ಕೆ ಈ ಎರಡಕ್ಕಿಂತ ಹೆಚ್ಚಿನ ಸಂಪತ್ತು ಬೇರೊಂದಿಲ್ಲ.