ಓದು, ಪಾಠ, ಬರೆಹ: ಒಂದು ತಿಂಗಳ ಲೆಕ್ಕ

ಉಪಾಧ್ಯಾಯ ವೃತ್ತಿಯಲ್ಲಿದ್ದು ಬರೆಯುವ ಹವ್ಯಾಸವನ್ನೂ ಇಟ್ಟುಕೊಂಡವರನ್ನು ಪರೀಕ್ಷೆಯ ತಿಂಗಳಲ್ಲಿ ಮಾತನಾಡಿಸಿದರೆ ಬರುವ ಉತ್ತರ ಒಂದೇ: “ಪುರಸೊತ್ತೆಲ್ಲಿ?” ಹಗಲು ಪಾಠ; ಇರುಳು ಉತ್ತರಪತ್ರಿಕೆಗಳ ಕಟ್ಟು; ನಡುವೆ ನೆಂಟರಿಷ್ಟರ ಮದುವೆ ಮುಂಜಿಗಳು. ಈ ದೂರು ಸುಳ್ಳಲ್ಲ. ಆದರೆ ಓದು, ಪಾಠ, ಬರೆಹಗಳು ಒಂದೇ ದಿನದ ಪಾಲಿಗಾಗಿ ಕಾದಾಡುವ ದಾಯಾದಿಗಳೆಂದು ಭಾವಿಸುವುದು ಮಾತ್ರ ಸರಿಯಲ್ಲ.

ನಮ್ಮ ಹಿರಿಯರು ಹಾಗೆ ಭಾವಿಸಲಿಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಸ್ವಾಧ್ಯಾಯ, ಪ್ರವಚನ ಎಂಬ ಮಾತುಗಳು ಅವಳಿಗಳಂತೆ ಜೊತೆಯಾಗಿಯೇ ಬರುತ್ತವೆ. ತಾನು ಓದದವನು ಇತರರಿಗೆ ಹೇಳಲಾರನು. ಇತರರಿಗೆ ಹೇಳಿದಾಗಲೇ ತಾನು ಓದಿದುದು ಎಷ್ಟು ದಕ್ಕಿದೆಯೆಂಬುದು ತಿಳಿಯುವುದು. ಹೀಗೆ ದಕ್ಕಿದುದರಲ್ಲಿ ಉಕ್ಕಿ ಹೊರಚೆಲ್ಲುವುದೇ ಬರೆಹ. ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿಯೂ ಶಾಲೆಗಳ ಇನ್‌ಸ್ಪೆಕ್ಟರರಾಗಿಯೂ ಮಕ್ಕಳ ನಡುವೆ ಬಾಳಿದವರು. ಅವರ ಶಿಶುಗೀತೆಗಳು ಇಂದಿಗೂ ಮಕ್ಕಳ ನಾಲಗೆಯ ಮೇಲೆ ನಲಿಯುತ್ತಿರುವುದಕ್ಕೆ ಆ ಒಡನಾಟವೇ ಕಾರಣವೆಂದು ಧಾರಾಳವಾಗಿ ಹೇಳಬಹುದು.

ಇನ್ನು ಕಾಲದ ಲೆಕ್ಕ. ಕುವೆಂಪು ಅವರು 1929ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1949ರಲ್ಲಿ ಪ್ರಕಟಣೆಗೆ ಬಂದ ‘ಶ್ರೀ ರಾಮಾಯಣದರ್ಶನಂ’ ಅಧ್ಯಾಪಕವೃತ್ತಿಯ ನಡುವೆಯೇ ಸುಮಾರು ಒಂಬತ್ತು ವರ್ಷಗಳಲ್ಲಿ ಬೆಳೆದ ಕಾವ್ಯ. ಅದರ ಪಂಕ್ತಿಗಳು 22,000ಕ್ಕೂ ಮಿಗಿಲು. ಭಾಗಿಸಿ ನೋಡಿದರೆ ತಿಂಗಳಿಗೆ ಸುಮಾರು 200 ಪಂಕ್ತಿ, ದಿನಕ್ಕೆ ಏಳು! ಕಾವ್ಯವು ಸೇರು ಪಾವುಗಳ ಅಳತೆಯಿಂದ ಹುಟ್ಟುವುದಿಲ್ಲ, ನಿಜ. ಆದರೂ ಮಹಾಕಾವ್ಯವೂ ದಿನವೊಂದಕ್ಕೆ ಬೇಡುವ ಪಾಲು ಇಷ್ಟೇ ಎಂಬುದು ನಮ್ಮಂಥವರಿಗೆ ಧೈರ್ಯ ತರುವ ಸಂಗತಿ. ಕವಿಗಳು ಆ ಗ್ರಂಥವನ್ನು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಪಾಠದ ಋಣವನ್ನು ಬರೆಹವು ತೀರಿಸಿದ ಬಗೆಯಿದು.

ಇದು ಕಾಲೇಜಿನವರ ಮಾತಾಯಿತು, ಮನೆಯೊಳಗಿರುವವರ ಪಾಡೇನು ಎಂದು ಕೇಳುವವರುಂಟು. ಅವರು ನಂಜನಗೂಡು ತಿರುಮಲಾಂಬಾ (1887–1982) ಅವರನ್ನು ನೆನೆಯಬೇಕು. ಎಳೆಯ ವಯಸ್ಸಿನಲ್ಲೇ ವೈಧವ್ಯವನ್ನು ಕಂಡ ಈಕೆ ಮನೆಯಲ್ಲಿಯೇ ಓದಿ ಬೆಳೆದು, ಆ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಒಂದೇ ಸೂರಿನಡಿಯಲ್ಲಿ ಮೂರೂ ಕಾರ್ಯಗಳು ಒಂದನ್ನೊಂದು ಪೋಷಿಸಿದವು.

ಆದರೆ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಣಪ್ಪನು (1870–1901) ಉಡುಪಿಯ ಸೀಮೆಯಲ್ಲಿ ಮೊದಲು ವ್ಯಾಯಾಮವನ್ನೂ ಆಮೇಲೆ ಕನ್ನಡವನ್ನೂ ಕಲಿಸಿದ ಉಪಾಧ್ಯಾಯ. ಆ ದುಡಿಮೆಯ ನಡುವೆ ಹಳಗನ್ನಡ ಕಾವ್ಯಗಳನ್ನು ಅರೆದು ಕುಡಿದು ‘ಶ್ರೀರಾಮಾಶ್ವಮೇಧ’ವನ್ನು ರಚಿಸಿದನು. ಮಳೆಗಾಲದ ದಿನ ಕಥೆ ಹೇಳೆಂದು ಕೇಳುವ ಮನೋರಮೆಯನ್ನು ಕನ್ನಡಿಗರು ಮರೆತಿಲ್ಲ. ಆದರೆ ಬಡತನ, ಕ್ಷಯರೋಗಗಳು ಆತನನ್ನು 31 ತುಂಬಿದ ಹೊಸತರಲ್ಲೇ ಸೆಳೆದೊಯ್ದವು. ಉಪಾಧ್ಯಾಯನ ದಿನಚರಿಯಲ್ಲಿ ದೇಹಕ್ಕೂ ನಾಲ್ಕನೆಯದೊಂದು ಪಾಲು ಸಲ್ಲಬೇಕು. ನಿದ್ರೆಯನ್ನು ಕದ್ದು ಬರೆಯುವುದು ಬಡ್ಡಿಗೆ ಸಾಲ ತಂದು ಹಬ್ಬ ಮಾಡಿದಂತೆಯೇ ಸರಿ.

ಹಾಗಾದರೆ ಬಿಡುವಿಲ್ಲದ ತಿಂಗಳಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ, ಮುಂಜಾವದ ಅರ್ಧ ಗಂಟೆಯನ್ನು ಬರೆಹಕ್ಕೆ ಮೀಸಲಿಡಿರಿ. ಏಳು ಸಾಲಾದರೂ ಸಾಕು, ಅದಾಗದಿದ್ದರೆ ಹಳೆಯದನ್ನು ತಿದ್ದಿರಿ. ಎರಡನೆಯದಾಗಿ, ಆ ತಿಂಗಳ ಓದು ಪಾಠಕ್ಕೆ ಹೊಂದಿರಲಿ. ಒಂದೇ ಪುಸ್ತಕ ಎರಡು ಕೆಲಸಕ್ಕೆ ಒದಗುವುದು. ಮೂರನೆಯದಾಗಿ, ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೊಂದು ಚಿಕ್ಕ ಪುಸ್ತಕವಿರಲಿ. ನಾಳಿನ ಬರೆಹದ ಬೀಜ ಅಲ್ಲಿರುವುದು. ಉತ್ತರಪತ್ರಿಕೆಗಳನ್ನು ದಿನಕ್ಕಿಷ್ಟೆಂದು ಎಣಿಸಿಕೊಂಡು ಮುಗಿಸಿ, ಕಟ್ಟಿಟ್ಟು ಮಲಗಿರಿ.

ಮನೆಯವರಿಗೂ ಒಂದು ಮಾತು. ಬರೆಯುವಾತನಿಗೆ ಕಾಫಿಯ ಲೋಟವನ್ನು ಮೇಜಿಗೆ ತಂದಿಡುವವರು ಎಲ್ಲೆಡೆಯೂ ಇದ್ದಾರೆ. ಬರೆಯುವಾಕೆಗೆ? ಆಕೆಯೂ ಪಾಠ ಹೇಳಿ ಬಂದವಳೇ. ಒಲೆ, ತೊಟ್ಟಿಲು, ನೆಂಟರು ಆಕೆಯ ಪಾಲಿಗೇ ಬಿದ್ದರೆ ಅರ್ಧ ಗಂಟೆಯೂ ಮಿಗದು. ತಿಂಗಳ ಮೊದಲ ದಿನ ದಿನಸಿಯ ಪಟ್ಟಿ ಬರೆಯುವಾಗ, ಆ ಅರ್ಧ ಗಂಟೆಯ ಮನೆಗೆಲಸ ಯಾರದೆಂಬುದನ್ನೂ ಅದರಲ್ಲಿಯೇ ಬರೆದಿಡಿರಿ. ಅಕ್ಕಿಬೇಳೆಯ ಲೆಕ್ಕದಷ್ಟೇ ಅಗತ್ಯವಾದ ಲೆಕ್ಕವದು.