ಆನ್‌ಲೈನ್ ಕಮಿಷನ್ ಆದಾಯ: ಅವಕಾಶ ಯಾವುದು, ವಂಚನೆ ಯಾವುದು

ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಮೊಬೈಲ್ ಮೂಲಕ ಮನೆಯಲ್ಲಿದ್ದೇ ಹಣ ಸಂಪಾದಿಸಬಹುದೆಂಬ ಸಂದೇಶಗಳು ಇಂದು ಗ್ರಾಮಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ತಲುಪುತ್ತಿವೆ. ಪದವಿ ಮುಗಿಸಿ ಉದ್ಯೋಗ ಅರಸುತ್ತಿರುವ ಯುವಜನರು ಹಾಗೂ ಸ್ವಸಹಾಯ ಸಂಘಗಳ ಮಹಿಳೆಯರು ಇಂತಹ ಸಂದೇಶ ನಿಜವೇ ಎಂದು ತಮ್ಮ ವಾರ್ಡಿನ ಸದಸ್ಯರನ್ನು ಕೇಳುವುದು ಸಹಜ. ಎಲ್ಲವೂ ಮೋಸವೆಂದು ತಳ್ಳಿಹಾಕಿದಲ್ಲಿ ನೈಜವಾದ ಒಂದು ಅವಕಾಶ ಕೈತಪ್ಪಬಹುದು. ವಿಚಾರಿಸದೆ ಸೇರಿಕೊಳ್ಳಲು ಹೇಳಿದಲ್ಲಿ ಸಂಘದಿಂದ ಪಡೆದ ಸಾಲದ ಹಣವೇ ಮುಳುಗಬಹುದು. ಆದ್ದರಿಂದ ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ಈ ವ್ಯವಹಾರದ ಸ್ವರೂಪವನ್ನು ಸದಸ್ಯರು ಅರಿತಿರುವುದು ಅವಶ್ಯ.

ವ್ಯವಹಾರದ ಸ್ವರೂಪ

ಕೃಷಿ ಮಾರುಕಟ್ಟೆಯಲ್ಲಿ ರೈತನ ಉತ್ಪನ್ನಕ್ಕೂ ಖರೀದಿದಾರನಿಗೂ ನಡುವೆ ನಿಂತು ಮಾರಾಟ ಕುದುರಿಸಿದ ದಲ್ಲಾಳಿಗೆ ಕಮಿಷನ್ ದೊರೆಯುತ್ತದೆ. ಅಫಿಲಿಯೇಟ್ ಮಾರ್ಕೆಟಿಂಗ್ ಅದೇ ತತ್ವದ ಆನ್‌ಲೈನ್ ರೂಪ. ಮಾರಾಟ ಕಂಪನಿಯಲ್ಲಿ ಹೆಸರು ನೋಂದಾಯಿಸಿದ ವ್ಯಕ್ತಿಗೆ ಪ್ರತ್ಯೇಕ ಗುರುತುಳ್ಳ ಲಿಂಕ್ ನೀಡಲಾಗುತ್ತದೆ. ಆತನು ಅದನ್ನು ತನ್ನ ಯೂಟ್ಯೂಬ್ ಚಾನೆಲ್, ಜಾಲತಾಣ ಅಥವಾ ಸಾಮಾಜಿಕ ಮಾಧ್ಯಮದ ಪುಟದಲ್ಲಿ ಪ್ರಕಟಿಸುತ್ತಾನೆ. ಆ ಲಿಂಕ್ ಒತ್ತಿ ಬಂದ ಗ್ರಾಹಕರು ನಿಗದಿತ ಅವಧಿಯೊಳಗೆ ವಸ್ತು ಖರೀದಿಸಿದಲ್ಲಿ ಬೆಲೆಯ ಒಂದು ಪಾಲು ಆತನಿಗೆ ಸಂದಾಯವಾಗುತ್ತದೆ. ಸರಕು ದಾಸ್ತಾನು ಮಾಡುವ, ತಲುಪಿಸುವ ಅಥವಾ ಗ್ರಾಹಕರಿಂದ ಹಣ ಪಡೆಯುವ ಹೊಣೆ ಆತನದಲ್ಲ.

ಈ ಪದ್ಧತಿ ಹೊಸದೇನಲ್ಲ. ಅಮೆಜಾನ್ ಕಂಪನಿಯು 1996ರಲ್ಲಿಯೇ ಅಮೆರಿಕದಲ್ಲಿ ಇದನ್ನು ಆರಂಭಿಸಿತು. ಈಗ ಭಾರತದಲ್ಲಿಯೂ ಅದು ಜಾರಿಯಲ್ಲಿದೆ. ಅಲ್ಲಿ ಸೇರ್ಪಡೆಗೆ ಶುಲ್ಕವಿಲ್ಲ. ತನ್ನದೇ ಲಿಂಕ್ ಬಳಸಿ ತನಗಾಗಿ ಖರೀದಿಸಿದ ವಸ್ತುವಿಗೆ ಕಮಿಷನ್ ದೊರೆಯುವುದಿಲ್ಲ. ಗ್ರಾಹಕರು ವಸ್ತುವನ್ನು ಹಿಂದಿರುಗಿಸಿದಲ್ಲಿ ಅದರ ಕಮಿಷನ್ ಸಹ ರದ್ದಾಗುತ್ತದೆ. ಲಿಂಕ್ ಎಲ್ಲೆಲ್ಲಿ ಪ್ರಕಟಿಸಬಹುದು ಎಂಬುದಕ್ಕೂ ಕಂಪನಿಗಳು ಷರತ್ತು ವಿಧಿಸುತ್ತವೆ. ಅವುಗಳನ್ನು ಉಲ್ಲಂಘಿಸಿದಲ್ಲಿ ಖಾತೆ ರದ್ದಾಗುವ ಸಂಭವವಿದೆ.

ಆದಾಯದ ಲೆಕ್ಕ

ಕಮಿಷನ್ ದರವು ವಸ್ತುವಿನ ವರ್ಗವನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ, 600 ರೂಪಾಯಿಯ ಒಂದು ವಸ್ತುವಿಗೆ ಶೇ. 5ರಷ್ಟು ಕಮಿಷನ್ ಎಂದು ಭಾವಿಸಿದಲ್ಲಿ ಒಂದು ಮಾರಾಟಕ್ಕೆ ದೊರೆಯುವುದು 30 ರೂಪಾಯಿ. ತಿಂಗಳಿಗೆ 3,000 ರೂಪಾಯಿ ಗಳಿಸಲು 100 ಮಾರಾಟ ಆಗಬೇಕು. ಲಿಂಕ್ ಒತ್ತಿದ ಪ್ರತಿ 100 ಜನರಲ್ಲಿ ಇಬ್ಬರು ಖರೀದಿಸುತ್ತಾರೆಂದು ಲೆಕ್ಕ ಹಿಡಿದರೂ, ತಿಂಗಳೊಂದರಲ್ಲಿ 5,000 ಜನ ಆ ಲಿಂಕ್ ಒತ್ತಬೇಕಾಗುತ್ತದೆ. ಅಷ್ಟು ಜನರನ್ನು ತಲುಪಲು ನಿಯಮಿತವಾಗಿ ಉಪಯುಕ್ತ ವಿಡಿಯೋ ಅಥವಾ ಬರಹ ಸಿದ್ಧಪಡಿಸುತ್ತ ತಿಂಗಳುಗಟ್ಟಲೆ ನೋಡುಗರ ವಿಶ್ವಾಸ ಗಳಿಸಬೇಕು.

ಹೊಲಿಗೆ, ಅಡುಗೆ, ಕೈತೋಟ, ಕೃಷಿ ಉಪಕರಣಗಳ ಬಳಕೆ ಮುಂತಾದ ವಿಷಯಗಳಲ್ಲಿ ಸ್ವತಃ ಪರಿಣತಿ ಇರುವವರು ತಾವು ಬಳಸಿ ನೋಡಿದ ವಸ್ತುಗಳ ಬಗ್ಗೆ ಕನ್ನಡದಲ್ಲಿ ತಿಳಿಸಿಕೊಡಲು ಇಲ್ಲಿ ಅವಕಾಶವಿದೆ. ಆದರೆ ಇದು ಉಪಕಸುಬೇ ಹೊರತು ತಿಂಗಳ ಸಂಬಳವಲ್ಲ. ಆದಾಯಕ್ಕೆ ಖಾತರಿ ಇರುವುದಿಲ್ಲ. ಕಮಿಷನ್ ದರವನ್ನು ಕಂಪನಿಯು ಯಾವಾಗ ಬೇಕಾದರೂ ಇಳಿಸಬಹುದು. ಇದನ್ನು ನಂಬಿ ಸಾಲ ಮಾಡುವುದಾಗಲಿ, ಇರುವ ಕೆಲಸ ಬಿಡುವುದಾಗಲಿ ತರವಲ್ಲ.

ವಂಚನೆಯ ರೂಪಗಳು

ನೈಜ ವ್ಯವಹಾರದಲ್ಲಿ ಹಣವು ಕಂಪನಿಯಿಂದ ವ್ಯಕ್ತಿಯ ಕಡೆಗೆ ಹರಿಯುತ್ತದೆ. ವಂಚನೆಯಲ್ಲಿ ವ್ಯಕ್ತಿಯಿಂದ ಅಪರಿಚಿತರ ಕಡೆಗೆ ಹರಿಯುತ್ತದೆ. ಈ ಒಂದು ಭೇದವನ್ನು ನೆನಪಿಟ್ಟಲ್ಲಿ ಕೆಳಗಿನ ರೂಪಗಳನ್ನು ಗುರುತಿಸುವುದು ಸುಲಭ.

1. ಸೇರ್ಪಡೆ ಶುಲ್ಕ: ನೋಂದಣಿ, ತರಬೇತಿ ಅಥವಾ ‘ಪ್ಯಾಕೇಜ್’ ಹೆಸರಿನಲ್ಲಿ ಮೊದಲೇ ಸಾವಿರಾರು ರೂಪಾಯಿ ಪಡೆಯಲಾಗುತ್ತದೆ. ಅನಂತರ ಅದೇ ಪ್ಯಾಕೇಜನ್ನು ಬಂಧುಮಿತ್ರರಿಗೆ ಮಾರುವುದೇ ಕೆಲಸವೆಂದು ತಿಳಿಯುತ್ತದೆ.

2. ಸರಪಳಿ ಸೇರ್ಪಡೆ: ವಸ್ತುವಿನ ಮಾರಾಟಕ್ಕಿಂತ ಹೊಸಬರನ್ನು ಸೇರಿಸುವುದಕ್ಕೇ ಹೆಚ್ಚು ಹಣ. ಹೊಸಬರು ಸಿಗದ ದಿನ ಸರಪಳಿ ಕಡಿದು, ಕೊನೆಗೆ ಸೇರಿದವರೆಲ್ಲರೂ ಹಣ ಕಳೆದುಕೊಳ್ಳುತ್ತಾರೆ. ಗ್ರಾಮದಲ್ಲಿ ಅವರು ನೆರೆಹೊರೆಯವರೇ ಆಗಿರುವುದರಿಂದ ಹಣದ ಜೊತೆಗೆ ಪರಸ್ಪರ ವಿಶ್ವಾಸವೂ ಕೆಡುತ್ತದೆ.

3. ‘ಟಾಸ್ಕ್’ ಆಮಿಷ: ವಿಡಿಯೋಗೆ ಲೈಕ್ ಒತ್ತಲು ಅಥವಾ ಹೋಟೆಲಿಗೆ ಉತ್ತಮ ಅಂಕ ನೀಡಲು ತಿಳಿಸಿ, ಆರಂಭದಲ್ಲಿ ನೂರಿನ್ನೂರು ರೂಪಾಯಿ ನಿಜವಾಗಿ ಪಾವತಿಸಲಾಗುತ್ತದೆ. ನಂಬಿಕೆ ಬಂದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ಹೆಚ್ಚಿನ ಲಾಭಕ್ಕಾಗಿ ಹಣ ಹೂಡಲು ಹೇಳಲಾಗುತ್ತದೆ. ಪರದೆಯ ಮೇಲೆ ಲಾಭ ಕಾಣುತ್ತದೆ. ಅದನ್ನು ಹಿಂಪಡೆಯಲು ಮತ್ತೆ ‘ತೆರಿಗೆ’ ಅಥವಾ ‘ಠೇವಣಿ’ ಕೇಳಲಾಗುತ್ತದೆ.

4. ಬ್ಯಾಂಕ್ ಖಾತೆಯ ಬಾಡಿಗೆ: ಕಮಿಷನ್ ನೀಡುವುದಾಗಿ ಹೇಳಿ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್ ಪಡೆಯಲಾಗುತ್ತದೆ. ಬೇರೆಡೆ ವಂಚಿಸಿದ ಹಣ ಆ ಖಾತೆಯ ಮೂಲಕ ಸಾಗುವುದರಿಂದ ಪೊಲೀಸ್ ತನಿಖೆ ಮೊದಲು ಬರುವುದು ಖಾತೆದಾರರ ಮನೆ ಬಾಗಿಲಿಗೆ.

ಕಾನೂನಿನ ನಿಲುವು

1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ (ನಿಷೇಧ) ಅಧಿನಿಯಮದಂತೆ ಹಣ ಚಲಾವಣೆ ಯೋಜನೆಯನ್ನು ನಡೆಸುವುದಷ್ಟೇ ಅಲ್ಲ, ಅದಕ್ಕೆ ಸದಸ್ಯರಾಗುವುದೂ ಭಾಗವಹಿಸುವುದೂ ನಿಷಿದ್ಧ. ಅಂದರೆ ತಾನು ಮೋಸಹೋದ ವ್ಯಕ್ತಿಯು ಹಣ ಮರಳಿ ಪಡೆಯುವ ಆಸೆಯಿಂದ ಇತರರನ್ನು ಸೇರಿಸಿದಲ್ಲಿ ಆತನೂ ಕಾನೂನಿನ ಮುಂದೆ ಉತ್ತರಿಸಬೇಕಾಗುತ್ತದೆ. 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಸಹ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ, ದಾರಿತಪ್ಪಿಸುವ ಜಾಹೀರಾತಿಗೆ ಅನುಮೋದನೆ ನೀಡಿದವರಿಗೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಪುನರಾವರ್ತಿಸಿದಲ್ಲಿ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಮಿಷನ್ ಪಡೆದು ವಸ್ತುವನ್ನು ಶಿಫಾರಸು ಮಾಡುವವರು ಆ ಸಂಬಂಧವನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಕಮಿಷನ್ ಸಹ ಆದಾಯವೇ ಆಗಿರುವುದರಿಂದ ಪಾನ್ ಸಂಖ್ಯೆ ಮತ್ತು ಸ್ವಂತ ಬ್ಯಾಂಕ್ ಖಾತೆ ಹೊಂದಿರುವುದು ಹಾಗೂ ಲೆಕ್ಕ ಇಡುವುದು ಅಗತ್ಯ. ಕಮಿಷನ್ ಮೇಲೆ ಮೂಲದಲ್ಲೇ ಕಡಿತವಾಗುವ ತೆರಿಗೆಯ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 5ರ ಬದಲು ಶೇ. 2ಕ್ಕೆ ಇಳಿಸಲಾಗಿದೆ. ತೆರಿಗೆಗೆ ಒಳಪಡದಷ್ಟು ಆದಾಯವಿರುವವರು ರಿಟರ್ನ್ ಸಲ್ಲಿಸಿ ಕಡಿತವಾದ ಮೊತ್ತವನ್ನು ಮರಳಿ ಪಡೆಯಬಹುದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಯಾವುದೇ ಆನ್‌ಲೈನ್ ಗಳಿಕೆ ಯೋಜನೆಯ ಕರಪತ್ರ, ಸಭೆ ಅಥವಾ ವಿಡಿಯೋಗೆ ಸದಸ್ಯರು ತಮ್ಮ ಹೆಸರು, ಭಾವಚಿತ್ರ ನೀಡಬಾರದು. ಗ್ರಾಮಸ್ಥರು ಅದನ್ನು ಪಂಚಾಯತಿಯ ಒಪ್ಪಿಗೆಯೆಂದೇ ಭಾವಿಸುತ್ತಾರೆ.

2. ಪಂಚಾಯತಿ ಸಭಾಂಗಣ ಅಥವಾ ಸಮುದಾಯ ಭವನದಲ್ಲಿ ‘ಉಚಿತ ಉದ್ಯೋಗ ತರಬೇತಿ’ಗೆ ಸ್ಥಳ ಕೋರಿದಲ್ಲಿ, ಸಂಘಟಕರು ಯಾರು, ಸೇರ್ಪಡೆಗೆ ಹಣ ಪಡೆಯುವರೇ, ಮಾರಾಟವಾಗುವ ವಸ್ತು ಯಾವುದು ಎಂಬುದನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

3. ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಈ ವಿಷಯವನ್ನು ಹತ್ತು ನಿಮಿಷ ಚರ್ಚಿಸುವುದು. ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ ಸಂಘದ ಸಾಲವನ್ನು ಇಂತಹ ಯೋಜನೆಗಳಿಗೆ ತೊಡಗಿಸದಂತೆ ತಿಳಿವಳಿಕೆ ನೀಡುವುದು.

4. ನೈಜ ಆಸಕ್ತಿ ಇರುವ ಯುವಜನರು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿರುವ ಗಣಕಯಂತ್ರ ಮತ್ತು ಅಂತರ್ಜಾಲ ಸೌಲಭ್ಯ ಬಳಸಿ, ಕಂಪನಿಯ ಅಧಿಕೃತ ಜಾಲತಾಣದಲ್ಲಿಯೇ ಷರತ್ತುಗಳನ್ನು ಓದಿ ನೋಂದಾಯಿಸಿಕೊಳ್ಳಲು ನೆರವಾಗುವುದು.

ಹಣ ಕಳೆದುಕೊಂಡಲ್ಲಿ

ವಂಚನೆಗೊಳಗಾದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗಿಹೋಗುವ ಮುನ್ನ ತಡೆಹಿಡಿಯಲು ಮೊದಲ ಕೆಲವು ಗಂಟೆಗಳು ನಿರ್ಣಾಯಕ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ಪಾವತಿಯ ಸಂಖ್ಯೆ, ಸಂದೇಶಗಳು ಮತ್ತು ಎದುರಿನವರ ದೂರವಾಣಿ ಸಂಖ್ಯೆಯನ್ನು ಅಳಿಸದೆ ಉಳಿಸಿಕೊಳ್ಳಬೇಕು. ವಸ್ತು ಅಥವಾ ಸೇವೆಯ ಕುರಿತ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಲಭ್ಯವಿದೆ.

ಮೋಸಹೋದವರು ನಾಚಿಕೆಯಿಂದ ಮನೆಯವರಿಗೂ ತಿಳಿಸದೆ, ಕಳೆದ ಹಣಕ್ಕಾಗಿ ಮತ್ತೆ ಹಣ ಕಟ್ಟುವುದುಂಟು. ಅಂತಹವರು ಸದಸ್ಯರ ಬಳಿ ಬಂದಾಗ ಹಂಗಿಸದೆ, ಅದೇ ಕ್ಷಣದಲ್ಲಿ 1930ಕ್ಕೆ ಕರೆ ಮಾಡಿಸುವುದು ಚುನಾಯಿತ ಪ್ರತಿನಿಧಿಯು ನೀಡಬಹುದಾದ ಅತ್ಯಂತ ಉಪಯುಕ್ತ ನೆರವು. ಸೇರುವ ಮುನ್ನವೇ ಕೇಳಲು ಬಂದವರಿಗೆ ಒಂದು ಪ್ರಶ್ನೆ ಸಾಕು: ಸಂಪಾದನೆಗೆ ಮೊದಲು ಹಣ ಕೇಳುತ್ತಿದ್ದಾರೆಯೇ? ಹೌದೆಂದಾದಲ್ಲಿ ಅಲ್ಲಿಗೇ ನಿಲ್ಲಿಸತಕ್ಕದ್ದು.